ಜೂನ್ ಒಂದರಂದು ಹುಟ್ಟಿದವರು

— ಏನಿದು ದೊಡ್ಡಮ್ಮ, ಪಹಣೀನೂ ತಂದಿದ್ದೀರಲ್ಲ?

— ನಿಮ್ಮ ದೊಡ್ಡಪ್ಪ ಹಾಕಿದ್ರು ಕಣಪ್ಪ, ಇರಲಿ ತಗೊಂಡ್ಹೋಗು ಅಂತ. ಯಾವ ಆಫೀಸಿಗೆ ಹೋದ್ರೂ ಪಹಣಿ ಕೊಟ್ಟು ಅಭ್ಯಾಸ ಅವರಿಗೆ. ನೋಡು, ಆಧಾರ್ ಇದೆ, ಓಟಿನ ಕಾರ್ಡಿದೆ, ರೇಷನ್ ಕಾರ್ಡಿದೆ, ಬ್ಯಾಂಕಿನವರು ಬಲವಂತ ಮಾಡಿ ಮಾಡಿಸಿದ ಪ್ಯಾನ್ ಕಾರ್ಡಿದೆ. ಇದು ಏಳನೇ ಕ್ಲಾಸು ಬಿಟ್ಟಾಗ ಕೊಟ್ಟ ಟೀಸಿ. ಮುಟ್ಟಿದ್ರೆ ಮುರಿಯುತ್ತೆ, ಹುಷಾರು.

— ಟೀಸಿ ಇಟ್ಕೊಂಡಿದ್ದೀರಾ! ಪರವಾಗಿಲ್ಲ. ನಿಮ್ಮ ವಯಸ್ಸಿನವರಲ್ಲಿ ಅಪರೂಪ.

— ನಾನೆಲ್ಲಿ ಇಟ್ಕೊಂಡೆ, ನಿಮ್ಮ ತಾತ ಇಟ್ಟಿದ್ರು. ಮದುವೆ ಟ್ರಂಕಿನಲ್ಲಿ ಸೀರೆ ಕೆಳಗೆ ಹಾಕಿ ಕಳಿಸಿದ್ರು. ಯಾತಕ್ಕಪ್ಪ ಅಂದ್ರೆ, ಯಾತಕ್ಕಾದ್ರೂ ಬೇಕಾಯ್ತದೆ ಅಂದಿದ್ರು. ಈಗ ಬೇಕಾಯ್ತು ನೋಡು. ಬಸುರಿ ಮಗಳು ಅಲ್ಲಿ ಮ್ಯೂನಿಕ್‌ನಲ್ಲಿ ಕೂತ್ಕೊಂಡು ದಿನಾ ವಿಡಿಯೋ ಕಾಲ್ ಮಾಡಿ, 'ಅಮ್ಮ ಪಾಸ್‌ಪೋರ್ಟ್ ಆಯ್ತಾ' ಅಂತಾಳೆ. ರೇಷನ್ ಕಾರ್ಡಿಗೆ ಹೆಸರು ಸೇರಿಸಿದಂಗೆ ಅಂದ್ಕೊಂಡಿದ್ದಾಳೆ.

— ಅದಕ್ಕಿಂತ ಸಲೀಸು, ನಿಜ ಹೇಳಬೇಕು ಅಂದ್ರೆ. ಕಾಗದ ಒಂದಕ್ಕೊಂದು ಹೊಂದಿದ್ರೆ ಮಾತ್ರ.

— ಇವರ ಸಹಿ ಎಲ್ಲಿ ಹಾಕಿಸ್ಬೇಕು ಹೇಳು. ಊಟಕ್ಕೆ ಬಂದಾಗ ಹಾಕಿಸಿ ಕಳಿಸ್ತೀನಿ, ಆಮೇಲೆ ಹೊಗೆಸೊಪ್ಪಿನ ಬ್ಯಾರನ್ ಹತ್ರ ಹೋದ್ರೆ ಸಿಕ್ಕಲ್ಲ.

— ದೊಡ್ಡಪ್ಪನ ಸಹಿ ಎಲ್ಲೂ ಬೇಡ.

— ಬೇಡ್ವಾ? ಸಂಘದಲ್ಲಿ ಹತ್ತು ಸಾವಿರ ಸಾಲ ತೆಗೆಯೋಕೆ ಗಂಡನ ಸಹಿ ಬೇಕು ಅಂದ್ರು. ದೇಶ ಬಿಟ್ಟು ಹೋಗೋಕೆ ಬೇಡ್ವಾ?

— ಹದಿನೆಂಟು ತುಂಬದ ಮಕ್ಕಳಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ನಿಮಗೆ ಯಾರ ಒಪ್ಪಿಗೇನೂ ಬೇಡ. ಮೊದಲು ಮದುವೆ ಸರ್ಟಿಫಿಕೇಟು, ನೋಟರಿ ಸಹಿ ಅಂತೆಲ್ಲ ಓಡಾಡಿಸ್ತಿದ್ರು. 2016ರ ಡಿಸೆಂಬರ್‌ನಲ್ಲಿ ಅದನ್ನೆಲ್ಲ ಸಡಿಲ ಮಾಡಿದ್ರು. ಬಿಳಿ ಹಾಳೆ ಮೇಲೆ ನೀವೇ ಬರೆದು ಸಹಿ ಹಾಕಿದ್ರೆ ಸಾಕು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಸಾಕು. ಸನ್ಯಾಸಿಗಳು ಬೇಕಾದ್ರೆ ಹೆತ್ತವರ ಜಾಗದಲ್ಲಿ ಗುರುಗಳ ಹೆಸರು ಹಾಕಬಹುದು.

— ಸನ್ಯಾಸಿಗಳು ಯಾಕೆ ವಿಮಾನ ಹತ್ತಬೇಕು?

— ನಮ್ಮ ಮಠಗಳ ಶಾಖೆ ಅಮೆರಿಕದಲ್ಲೆಲ್ಲ ಇಲ್ವಾ ದೊಡ್ಡಮ್ಮ.

— ಸರಿ ಬಿಡು. ಅಪ್ಪನ ಹೆಸರೋ ಅಮ್ಮನ ಹೆಸರೋ ಒಂದು ಸಾಕು ಅಂದೆಯಲ್ಲ, ನಮ್ಮವ್ವನ ಹೆಸರು ಹಾಕಬಹುದಾ?

— ಧಾರಾಳವಾಗಿ. ಎರಡೂ ಹಾಕಬಹುದು.

— ಎರಡೂ ಹಾಕು. ಆದ್ರೆ ಅವ್ವಂದು ಬಿಡಬೇಡ. ನಿಮ್ಮಜ್ಜಿ ಹೆಸರು ಈ ಟೀಸಿಯಲ್ಲಿಲ್ಲ, ನನ್ನ ಲಗ್ನಪತ್ರಿಕೆಯಲ್ಲೂ ಇರಲಿಲ್ಲ, ಅಪ್ಪನ ಹೆಸರಿನ ಮುಂದೆ ಶ್ರೀಮತಿ ಅಂತ ಹಾಕಿದ್ರು ಅಷ್ಟೇ. ಹೆತ್ತವಳ ಹೆಸರು ಪಾಸ್‌ಪೋರ್ಟಿನಲ್ಲಾದ್ರೂ ಬರಲಿ.

— ಹಾಕಿದೆ. ಈಗ ಹುಟ್ಟಿದ ದಿನ. ಟೀಸಿಯಲ್ಲಿ 1-6-1964 ಅಂತಿದೆ. ಪ್ಯಾನ್‌ನಲ್ಲೂ ಅದೇ. ಆಧಾರ್‌ನಲ್ಲಿ ಬರೀ ಇಸವಿ, 1964. ಪುಣ್ಯಕ್ಕೆ ಇಸವಿ ಎಲ್ಲದರಲ್ಲೂ ಒಂದೇ.

— ಅದು ನಾನು ಹುಟ್ಟಿದ ದಿನ ಅಲ್ಲ ಕಣೋ.

— ಗೊತ್ತು. ನಿಮ್ಮ ತಲೆಮಾರಿನಲ್ಲಿ ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ.

— ಅವ್ವ ಹೇಳೋಳು, ನೆಹರು ತೀರ್ಕೊಂಡ ವರ್ಷ, ಗೌರಿ ಹಬ್ಬದ ದಿನ ಬೆಳಗಿನ ಜಾವ ಅಂತ. ಬಾಗಿನಕ್ಕೆ ಮೊರ ತಂದಿಟ್ಟಿದ್ದು ಹಂಗೇ ಇತ್ತಂತೆ. ಸ್ಕೂಲಿಗೆ ಸೇರಿಸೋಕೆ ಹೋದಾಗ ಅಪ್ಪ ಅದನ್ನೇ ಹೇಳಿದ್ರು. ಮೇಷ್ಟ್ರು ಕೇಳಿಸ್ಕೊಂಡು, ಆಯ್ತು ಗೌಡ್ರೇ ಅಂದು, ಜೂನ್ ಒಂದು ಅಂತ ಬರ್ಕೊಂಡ್ರು.

— ನೆಹರು ಹೋಗಿದ್ದು 1964ರ ಮೇ 27ಕ್ಕೆ. ಆ ವರ್ಷದ ಗೌರಿ ಹಬ್ಬ ಸೆಪ್ಟೆಂಬರ್‌ಗೆ ಬರುತ್ತೆ. ಮೇಷ್ಟ್ರು ನಿಮಗೆ ಮೂರು ತಿಂಗಳು ಜಾಸ್ತಿ ಕೊಟ್ಟಿದ್ದಾರೆ. ತಪ್ಪು ಅವರದ್ದೂ ಅಲ್ಲ. ಶಾಲೆ ಶುರುವಾಗೋದು ಜೂನ್‌ನಲ್ಲಿ, ಅಷ್ಟೊತ್ತಿಗೆ ವಯಸ್ಸು ತುಂಬಿದೆ ಅಂತ ತೋರಿಸಬೇಕು. ಜೂನ್ ಒಂದು ಅಂತ ಹಾಕಿದ್ರೆ ಲೆಕ್ಕ ಸಲೀಸು. ಅದಕ್ಕೇ ನೋಡಿ, ಮೇ 31 ಬಂತು ಅಂದ್ರೆ ತಾಲ್ಲೂಕಿನ ಎಲ್ಲ ಆಫೀಸಿನಲ್ಲೂ ಹಾರ, ಶಾಲು, ಬೀಳ್ಕೊಡುಗೆ. ಒಂದನೇ ತಾರೀಖು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಆಗಬೇಕಲ್ಲ.

— ಅದೆಲ್ಲ ಇರಲಿ. ಅರ್ಜಿ ಕೊನೇಲಿ ಏನೋ ಬರೆದಿದೆ ಅಂದೆಯಲ್ಲ, ಮೇಲೆ ಹೇಳಿದ್ದೆಲ್ಲ ನಿಜ ಅಂತ ನಾನು ಸಹಿ ಹಾಕ್ಬೇಕು ಅಂತ?

— ಹೌದು, ಘೋಷಣೆ.

— ಸುಳ್ಳು ಹೇಳಿದ್ರೆ?

— ಪಾಸ್‌ಪೋರ್ಟ್ ಕಾಯ್ದೆ 12ನೇ ಕಲಮು. ಎರಡು ವರ್ಷದವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ.

— ಹಂಗಾದ್ರೆ ನಾನು ಹುಟ್ಟಿದ್ದು ಜೂನ್ ಒಂದಕ್ಕೆ ಅಂತ ಹೆಂಗಪ್ಪ ಸಹಿ ಹಾಕ್ಲಿ? ಗೌರಮ್ಮ ನೋಡ್ತಿರ್ತಾಳೆ.

— ದೊಡ್ಡಮ್ಮ, ಕಾನೂನು ಹೇಳೋದು ತಿಳಿದೂ ತಿಳಿದೂ ಸುಳ್ಳು ಮಾಹಿತಿ ಕೊಟ್ಟು ಪಾಸ್‌ಪೋರ್ಟ್ ಹೊಡೆಯೋರ ವಿಷಯ. ನಿಮ್ಮ ಹುಟ್ಟಿದ ದಿನಕ್ಕೆ ಇರೋ ಹಳೇ ದಾಖಲೆ ಅಂದ್ರೆ ಈ ಟೀಸಿ ಒಂದೇ. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ, ನೀವು ಅದಕ್ಕೂ ಮೊದಲೇ ಹುಟ್ಟಿದ್ದೀರಿ. ಈಗ ನೀವು ಸೆಪ್ಟೆಂಬರ್ ಅಂತ ಬರೆದ್ರೆ ಅದಕ್ಕೆ ಪುರಾವೆ ಕೇಳ್ತಾರೆ. ಅಜ್ಜಿ ಹೇಳಿದ್ರು ಅಂದ್ರೆ ಆಗಲ್ಲ. ಟೀಸಿಯ ತಾರೀಖು ಬದಲಾಯಿಸೋಕೆ ಕೋರ್ಟಿಗೆ ಹೋಗಬೇಕು. ನಾನೇ ವಕಾಲತ್ತು ಹಾಕ್ತೀನಿ, ಮೊಮ್ಮಗೂಗೆ ಹಲ್ಲು ಬರೋ ಹೊತ್ತಿಗೆ ಮೊದಲನೇ ವಾಯಿದೆ ಸಿಗಬಹುದು.

— ಅಂದ್ರೆ ನಿಜ ಬರೆದ್ರೆ ಸಿಕ್ಕಾಕ್ಕೋತೀನಿ, ಮೇಷ್ಟ್ರು ಬರೆದಿದ್ದನ್ನ ಬರೆದ್ರೆ ಪಾರಾಗ್ತೀನಿ.

— ಹಾಗೂ ಹೇಳಬಹುದು. ನಾನು ಕಪ್ಪು ಕೋಟು ಹಾಕ್ಕೊಂಡು ಇದನ್ನ ಒಪ್ಕೋಬಾರದು. ಆದ್ರೆ ಒಂದು ಯೋಚನೆ ಮಾಡಿ. ಸರ್ಕಾರ ಕೇಳ್ತಿರೋದು ನೀವು ಯಾವ ಗಳಿಗೇಲಿ ಹುಟ್ಟಿದ್ರಿ ಅಂತಲ್ಲ, ಅದು ಜೋಯಿಸರ ಕೆಲಸ. ಎಲ್ಲ ಕಾಗದದಲ್ಲೂ ಇರೋ ಹೆಂಗಸು ಒಬ್ಬಳೇನಾ ಅಂತ ಕೇಳ್ತಿದೆ, ಅಷ್ಟೇ.

— ನಮ್ಮ ಹಸು ಕಿವಿಗೆ ಹಳದಿ ಬಿಲ್ಲೆ ಹೊಡೆದಿದ್ದಾರಲ್ಲ, ಹನ್ನೆರಡು ಅಂಕೆದು. ಅದಕ್ಕೆ ಹೆಸರು ಬೇರೆ ಇದೆ, ನಾನು ಕರೆದ್ರೆ ಮಾತ್ರ ಓಗೊಡುತ್ತೆ. ಡಾಕ್ಟ್ರು ಬಂದಾಗ ಬಿಲ್ಲೆ ನೋಡ್ತಾರೆ. ಹಂಗೆ ಅನ್ನು.

— ಹಂಗೇ. ಮತ್ತೆ ಇನ್ನೊಂದು, ಆಧಾರ್ ಇದ್ದ ಮಾತ್ರಕ್ಕೆ ವಯಸ್ಸಿಗೆ ಪುರಾವೆ ಆಗಲ್ಲ. ಅದು ಗುರುತಿಗೆ, ವಿಳಾಸಕ್ಕೆ. ಹುಟ್ಟಿದ ದಿನಕ್ಕೆ ಶಾಲೆ ದಾಖಲೆ, ಪ್ಯಾನ್, ಡ್ರೈವಿಂಗ್ ಲೈಸೆನ್ಸು, ಓಟಿನ ಕಾರ್ಡು, ಎಲ್‌ಐಸಿ ಬಾಂಡು, ಇಂಥವು ನಡೆಯುತ್ತೆ. ಇನ್ಮೇಲಿನ ಮಕ್ಕಳಿಗೆ ಈ ಆಯ್ಕೆ ಇಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರು ಜನನ ಪ್ರಮಾಣಪತ್ರ ಒಂದನ್ನೇ ಕೊಡಬೇಕು. ಗೌರಿ ಹಬ್ಬದಲ್ಲಿ ಹುಟ್ಟಿ ಜೂನ್‌ನಲ್ಲಿ ಬೆಳೆಯೋ ಭಾಗ್ಯ ಅವರಿಗಿಲ್ಲ.

— ಆಯ್ತು, ಜೂನ್ ಒಂದೇ ಹಾಕು. ಇಷ್ಟೆಲ್ಲ ಕೊಟ್ಟ ಮೇಲೂ, ಕೊಡಲ್ಲ ಹೋಗಮ್ಮ ಅಂದ್ರೆ?

— ಸುಮ್ಮನೆ ಅನ್ನೋ ಹಾಗಿಲ್ಲ. ಕಾರಣ ಬರೆದು ಕೊಡಬೇಕು, ಅದರ ಮೇಲೆ ಅಪೀಲು ಹೋಗಬಹುದು. ಮೊದಲು ಹಾಗಿರಲಿಲ್ಲ. ನೀವು ಹುಟ್ಟಿದ ಕಾಲದಲ್ಲಿ ಪಾಸ್‌ಪೋರ್ಟ್ ಕೊಡೋದು ಬಿಡೋದು ದೊರೆಗಳ ಮರ್ಜಿ ಇದ್ದಂಗೆ. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಅಂತ ಒಂದು ಕಾನೂನೇ ಇರಲಿಲ್ಲ. ಬ್ರಿಟಿಷರು 1920ರಲ್ಲಿ ಮಾಡಿದ ಕಾಯ್ದೆ ಒಂದಿತ್ತು, ಅದು ದೇಶದೊಳಕ್ಕೆ ಬರೋರಿಗೆ. ಹೊರಗೆ ಹೋಗೋರಿಗೆ ಆಫೀಸರು ಹೇಳಿದ್ದೇ ವೇದ.

— ಮತ್ತೆ ಯಾರು ಸರಿ ಮಾಡಿದ್ರು?

— ಮೋಟಾರು ಬಿಡಿಭಾಗ ಮಾಡೋ, ಆಮದು ರಫ್ತು ಮಾಡೋ ಒಬ್ಬ ವ್ಯಾಪಾರಿ, ಸತ್ವಂತ್ ಸಿಂಗ್ ಸಾಹ್ನಿ ಅಂತ. ಸರ್ಕಾರದವರು ಪಾಸ್‌ಪೋರ್ಟ್ ವಾಪಸ್ ಕೊಡು ಅಂದ್ರು, ಇವರು ಸುಪ್ರೀಂ ಕೋರ್ಟಿಗೆ ಹೋದ್ರು. 1967ರ ಏಪ್ರಿಲ್‌ನಲ್ಲಿ ಐದು ಜನ ನ್ಯಾಯಮೂರ್ತಿಗಳಲ್ಲಿ ಮೂರು ಜನ ಇವರ ಕಡೆ ನಿಂತ್ರು. ಸುಬ್ಬರಾವ್ ಅಂತ ಮುಖ್ಯ ನ್ಯಾಯಮೂರ್ತಿ. ಹೊರದೇಶಕ್ಕೆ ಹೋಗೋದು ಮನುಷ್ಯನ ಸ್ವಾತಂತ್ರ್ಯದ ಭಾಗ, ಸಂವಿಧಾನದ 21ನೇ ವಿಧಿಯೊಳಗೆ ಬರುತ್ತೆ, ಕಾನೂನು ಇಲ್ಲದೆ ಅದನ್ನ ಕಿತ್ಕೊಳ್ಳೋ ಹಾಗಿಲ್ಲ ಅಂದ್ರು. ಇನ್ನೊಂದು ವಿಷಯ ಹೇಳ್ತೀನಿ. ದೆಹಲಿ ಹೈಕೋರ್ಟು ಅದಕ್ಕೆ ಮುಂಚೆ ಅಂಥ ಹಕ್ಕು ಇಲ್ಲ ಅಂದಿತ್ತು. ಇದೆ ಅಂತ ಹೇಳಿದ್ದ ಹೈಕೋರ್ಟುಗಳಲ್ಲಿ ಕೇರಳ, ಬೊಂಬಾಯಿ ಜೊತೆಗೆ ನಮ್ಮ ಮೈಸೂರು ಹೈಕೋರ್ಟೂ ಒಂದು. 1965ರಲ್ಲೇ.

— ನಮ್ಮೋರು ಹೇಳಿದ್ರಾ! ನೀನು ಅದೇ ಕೋರ್ಟಿಗೆ ತಾನೇ ಹೋಗೋದು?

— ಅಪರೂಪಕ್ಕೆ. ನನ್ನದೆಲ್ಲ ಇಲ್ಲೇ ಹುಣಸೂರಿನಲ್ಲಿ, ಭಾಗ ವಿಭಾಗ, ಚೆಕ್ ಬೌನ್ಸು. ತೀರ್ಪು ಬಂದ ಮೇಲೆ ಸರ್ಕಾರಕ್ಕೆ ದಿಕ್ಕು ತೋಚಲಿಲ್ಲ. ಅವಸರದಲ್ಲಿ ಸುಗ್ರೀವಾಜ್ಞೆ ತಂದು, ಆಮೇಲೆ ಜೂನ್ 24ಕ್ಕೆ ಪಾಸ್‌ಪೋರ್ಟ್ ಕಾಯ್ದೆ ಮಾಡಿದ್ರು. ಈಗ ಆ ದಿನವನ್ನ ಪಾಸ್‌ಪೋರ್ಟ್ ಸೇವಾ ದಿವಸ ಅಂತ ಆಚರಿಸ್ತಾರೆ. ಕೋರ್ಟು ಕಿವಿ ಹಿಂಡಿದ್ದಕ್ಕೆ ಹುಟ್ಟಿದ ಕಾಯ್ದೆ ಅಂತ ಭಾಷಣದಲ್ಲಿ ಯಾರೂ ಹೇಳಲ್ಲ.

— ಅಷ್ಟಕ್ಕೇ ಮುಗೀತಾ?

— ಇಲ್ಲ. ಹತ್ತು ವರ್ಷ ಕಳೆದು, 1977ರ ಜುಲೈನಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟ್ ಒಪ್ಪಿಸಿ ಅಂತ ಕಾಗದ ಹೋಯ್ತು.

— ಇಂದಿರಮ್ಮನ ಸೊಸೇಗೆ?

— ಹೌದು, ಇಂದಿರಮ್ಮ ಸೋತಿದ್ರಲ್ಲ, ಜನತಾ ಸರ್ಕಾರ. ಯಾಕೆ ಅಂತ ಇವರು ಕೇಳಿದ್ರೆ, ಸಾರ್ವಜನಿಕ ಹಿತ, ಕಾರಣ ಹೇಳಕ್ಕಾಗಲ್ಲ ಅಂದ್ರು. 1978ರ ಜನವರಿ 25ಕ್ಕೆ ಏಳು ಜನ ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಡ್ತು. ಬರೀ ಕಾನೂನು ಇದ್ರೆ ಸಾಲದು, ಅದು ನಡೆಸೋ ರೀತಿ ನ್ಯಾಯವಾಗಿರಬೇಕು ಅಂತ. ಇವತ್ತಿಗೂ ಯಾವ ಸರ್ಕಾರಿ ಆಫೀಸಿನವರು ಅನ್ಯಾಯ ಮಾಡಿದ್ರೂ ನಾವು ವಕೀಲರು ಮೊದಲು ಎತ್ತೋದು ಅದನ್ನೇ. ಒಂದು ಪಾಸ್‌ಪೋರ್ಟಿನಿಂದ ಅಷ್ಟಾಯ್ತು.

— ದೊಡ್ಡೋರ ಮನೆ ಸೊಸೆ, ಕೋರ್ಟು ಕೇಳ್ತು. ನಮ್ಮಂಥೋರು ಹೋದ್ರೆ?

— ಅದು ಸರಿ. ಹಕ್ಕು ಎಲ್ಲರಿಗೂ ಒಂದೇ, ಕೋರ್ಟಿನ ಬಸ್ ಚಾರ್ಜು ಎಲ್ಲರ ಹತ್ರ ಇರಲ್ಲ. ಹಕ್ಕು ಎಷ್ಟೇ ದೊಡ್ಡದಾದ್ರೂ ನಿಮ್ಮ ಕೈಗೆ ಸಿಗೋದು ಕೌಂಟರಿನಲ್ಲೇ. ಅದಕ್ಕೇ ನಾನು ಈ ಕಾಗದದ ಮೇಲೆ ಇಷ್ಟು ತಲೆ ಕೆಡಿಸ್ಕೊಳ್ಳೋದು.

— ಹಂಗಾದ್ರೆ ಮುಂದಕ್ಕೆ ನಡಿ.

— ಹೆಸರು. ಇಲ್ಲಿದೆ ನೋಡಿ ನಿಜವಾದ ತಕರಾರು. ಟೀಸಿಯಲ್ಲಿ ಬರೀ ಹೆಸರು, ಹಿಂದೆ ತಾತನ ಇನಿಷಿಯಲ್. ಓಟಿನ ಕಾರ್ಡಿನಲ್ಲಿ ದೊಡ್ಡಪ್ಪನ ಇನಿಷಿಯಲ್. ಆಧಾರ್, ಪ್ಯಾನ್ ಎರಡರಲ್ಲೂ ಇನಿಷಿಯಲ್ ಇಲ್ಲ, ಕೊನೇಲಿ 'ಅಮ್ಮ' ಸೇರಿದೆ.

— ಅಮ್ಮ ಸೇರಿದ್ದು ಮದುವೆ ಆದ ಮೇಲೆ. ಯಾರು ಸೇರಿಸಿದ್ರೋ ಗೊತ್ತಿಲ್ಲ. ಮೊದಲು ಪಕ್ಕದ ಮನೆಯೋರು, ಆಮೇಲೆ ರೇಷನ್ ಅಂಗಡಿಯವನು, ಆಮೇಲೆ ಸರ್ಕಾರ.

— ಇಂಗ್ಲಿಷಿನಲ್ಲಿ ಬೇರೆ ಒಂದರಲ್ಲಿ ಎಚ್ ಇದೆ, ಇನ್ನೊಂದರಲ್ಲಿ ಇಲ್ಲ. ನಮ್ಮ ಲಿಪಿಯಲ್ಲಿ ಬರೆಯೋ ಹಾಗಿದ್ರೆ ಈ ಜಗಳವೇ ಇರ್ತಿರಲಿಲ್ಲ. ಪಾಸ್‌ಪೋರ್ಟಿನಲ್ಲಿ ಇರೋದು ಹಿಂದಿ, ಇಂಗ್ಲಿಷು ಎರಡೇ.

— ಸಹಿ? ನನಗೆ ಕನ್ನಡದಲ್ಲೇ ಬರೋದು.

— ಕನ್ನಡದಲ್ಲೇ ಹಾಕಿ, ಅದನ್ನ ಹಂಗೇ ಅಚ್ಚು ಹಾಕ್ತಾರೆ. ಆದ್ರೆ ಜರ್ಮನಿಯ ವೀಸಾ ಅರ್ಜಿಯಲ್ಲೂ, ಬ್ಯಾಂಕಿನಲ್ಲೂ ಅದೇ ಥರ ಹಾಕಬೇಕು. ಈಗ ಹೇಳಿ, ಅಮ್ಮ ಇರಲೋ, ತೆಗೆಯಲೋ? ಟೀಸಿ ಇಟ್ಕೊಂಡ್ರೆ ತೆಗೀಬೇಕು, ಪ್ಯಾನು ಆಧಾರು ಇಟ್ಕೊಂಡ್ರೆ ಬಿಡಬೇಕು.

— ಹೆರಿಗೆಗೆ ಹೋಗ್ತಿರೋಳು ಅಮ್ಮ ಅನ್ನೋದನ್ನ ಕಿತ್ತಾಕಿ ಹೋಗ್ಲಾ? ಇರಲಿ ಬಿಡು.

— ಅದೇ ಒಳ್ಳೇದು. ಹಾಗಿದ್ರೆ ಟೀಸಿ ಮನೇಲಿರಲಿ, ಪ್ಯಾನೂ ಆಧಾರೂ ತಗೊಂಡ್ರೆ ಸಾಕು. ಇನ್ನು ಸರ್‌ನೇಮ್. ಇಲ್ಲಿ ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೀಬೇಕು. ಖಾಲಿ ಬಿಟ್ರೂ ಪಾಸ್‌ಪೋರ್ಟ್ ಕೊಡ್ತಾರೆ, ಆದ್ರೆ ಹೊರದೇಶದ ಕಂಪ್ಯೂಟರಿಗೆ ಒಂದೇ ಹೆಸರಿನ ಮನುಷ್ಯರು ಅರ್ಥ ಆಗಲ್ಲ. 2022ರ ನವೆಂಬರ್‌ನಲ್ಲಿ ಯುಎಇಯವರು, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ರೆ ವಿಸಿಟ್ ವೀಸಾದಲ್ಲಿ ಒಳಗೆ ಬಿಡಲ್ಲ ಅಂದ್ರು. ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ರೆ ಆಯ್ತು ಅಂತ ಆಮೇಲೆ ಸಡಿಲಿಸಿದ್ರು. ನಮ್ಮ ಹಳೇ ಮೈಸೂರಿನವರಿಗೆ ಇದು ದೊಡ್ಡ ಫಜೀತಿ. ಧಾರವಾಡದ ಕಡೆ ಎಲ್ಲರಿಗೂ ಅಡ್ಡಹೆಸರಿದೆ, ಕರಾವಳಿಯವರಿಗೂ ಇದೆ. ನಮ್ಮದು ಊರಿಗೆ ಒಂದಕ್ಷರ, ಅಪ್ಪನಿಗೆ ಒಂದಕ್ಷರ.

— ಏನೇನು ಹಾಕಬಹುದು?

— ತಾತನ ಹೆಸರು, ದೊಡ್ಡಪ್ಪನ ಹೆಸರು, ಇಲ್ಲ ತವರೂರಿನ ಹೆಸರು.

— ಇವರ ಹೆಸರು ಹಾಕಿದ್ರೆ ಅಲ್ಲಿ ನನ್ನನ್ನ ಏನಂತ ಕರೀತಾರೆ?

— ಮಿಸೆಸ್ ಅಂತ ಸೇರಿಸಿ ದೊಡ್ಡಪ್ಪನ ಹೆಸರು. ವಿಮಾನದಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ.

— ಅಯ್ಯೋ! ನಲವತ್ತು ವರ್ಷ ಅವರ ಹೆಸರು ಬಾಯಲ್ಲಿ ಎತ್ತಿಲ್ಲ. ಯಾರೋ ಬಿಳೀ ಹುಡುಗಿ ಆ ಹೆಸರು ಕೂಗಿ, ನಾನು ಎದ್ದು ನಿಂತ್ಕೊಳ್ಳೋದಾ? ಬೇಡಪ್ಪ. ಅಪ್ಪನ ಹೆಸರಾದ್ರೆ?

— ಆಗುತ್ತೆ. ಹೆಂಗಸರು ಮದುವೆ ಆದ ಮೇಲೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ನಿಯಮಾನೂ ಇಲ್ಲ. ಗಂಡನ ಹೆಸರಿಗೆ ಬೇರೆ ಕಾಲಂ ಇದೆ, ಅದು ಅಲ್ಲಿರುತ್ತೆ. ಆದ್ರೆ ಆಧಾರ್‌ನಲ್ಲಿ ತಾತನ ಹೆಸರಿಲ್ಲ. ಮೊದಲು ಅಲ್ಲಿ ಸೇರಿಸಿ, ಆಮೇಲೆ ಇಲ್ಲಿ ಹಾಕೋದು ಕ್ಷೇಮ. ಆಧಾರ್‌ನಲ್ಲಿ ಹೆಸರು ಬದಲಾಯಿಸೋಕೆ ಜನ್ಮಕ್ಕೆ ಎರಡು ಸಲ ಮಾತ್ರ ಬಿಡ್ತಾರೆ. ಸರಿಯಾಗಿ ಯೋಚನೆ ಮಾಡಿ ಹೇಳಿ.

— ಯೋಚನೆ ಮಾಡೋಕೇನಿದೆ? ಟೀಸಿ ಟ್ರಂಕಿಗೆ ಹಾಕಿ ಕಳಿಸಿದವರ ಹೆಸರು ಹಾಕು.

— ಅಂದ್ರೆ ಆಧಾರ್ ಸೆಂಟರಿಗೆ ಒಂದು ಸಲ ಹೋಗಬೇಕು. ಪ್ಯಾನೂ ತಿದ್ದಿಸಬೇಕು. ಇವತ್ತೇ ಅರ್ಜಿ ಕಳಿಸಕ್ಕಾಗಲ್ಲ.

— ಹೋಗೋಣ. ಅವಳಿಗೆ ಇನ್ನೂ ಐದು ತಿಂಗಳಿದೆ.

— ಸಮಯ ಇದೆ ಅಂತಲೇ ಹೇಳ್ತಿರೋದು. ಟಿಕೆಟ್ ತೆಗೆದ ಮೇಲೆ ಪಾಸ್‌ಪೋರ್ಟ್ ಮಾಡಿಸೋಕೆ ಬರೋರಿಗೆ ನಾನು ಬೈಯೋದು. ಅವಸರ ಅಂದ್ರೆ ತತ್ಕಾಲ್ ಇದೆ, 2,000 ಜಾಸ್ತಿ. ನಮಗೆ ಬೇಕಿಲ್ಲ. ಮಾಮೂಲಿ 36 ಪುಟದ್ದಕ್ಕೆ 1,500. ಅರವತ್ತು ದಾಟಿದೋರಿಗೆ ಹೊಸ ಪಾಸ್‌ಪೋರ್ಟಿನಲ್ಲಿ ನೂರಕ್ಕೆ ಹತ್ತು ರಿಯಾಯಿತಿ, ನಿಮಗೆ 1,350.

— ಮೇಲಿನ ಬೀದಿಯವರ ಮಗ ಏಜೆಂಟನಿಗೆ ಆರು ಸಾವಿರ ಕೊಟ್ಟನಂತೆ.

— ಕೊಟ್ಟಿರ್ತಾನೆ. ಸರ್ಕಾರದ್ದೇ ಅನ್ನೋ ಥರ ವೆಬ್‌ಸೈಟು ಮಾಡಿ ದುಡ್ಡು ಕೀಳೋರೂ ಇದ್ದಾರೆ. ಕೊನೇಲಿ 'ಗವ್ ಡಾಟ್ ಇನ್' ಇಲ್ಲದ ಕಡೆ ಒಂದು ರೂಪಾಯೀನೂ ಕಟ್ಟಬಾರದು. ಅವನು ಕುವೈತಿಗೆ ಹೋಗಿದ್ದು ಅಲ್ವಾ?

— ಹೂಂ, ಡ್ರೈವರ್ ಕೆಲಸಕ್ಕೆ. ಅವನದ್ದರಲ್ಲಿ ಏನೋ ಮುದ್ರೆ ಹಾಕಿದ್ದಾರೆ, ಓದಿಲ್ಲ ಅಂತ. ನಾನೂ ಏಳನೇ ಕ್ಲಾಸೇ. ನನಗೂ ಹಾಕ್ತಾರಾ?

— ನಿಮಗೆ ಹಾಕಲ್ಲ. ಐವತ್ತು ದಾಟಿದವರಿಗೆ ಅದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗದೆ ಇರೋ ಚಿಕ್ಕ ವಯಸ್ಸಿನವರಿಗೆ ಇಸಿಆರ್ ಅಂತ ಬರುತ್ತೆ. ಸೌದಿ, ಕುವೈತ್, ಒಮಾನ್, ಮಲೇಷ್ಯಾ, ಹೀಗೆ 18 ದೇಶಕ್ಕೆ ದುಡಿಯೋಕೆ ಹೋಗ್ಬೇಕಾದ್ರೆ ಸರ್ಕಾರದ ಅನುಮತಿ ಬೇಕು. 1983ರ ವಲಸೆ ಕಾಯ್ದೆ. ಮೋಸ ಹೋಗಬಾರದು, ಸಂಬಳ ಕೊಡದೆ ಕೂಡಿ ಹಾಕಿದ್ರೆ ಕೇಳೋಕೆ ಒಂದು ದಾಖಲೆ ಇರಲಿ ಅಂತ ಮಾಡಿದ್ದು. ಉದ್ದೇಶ ಒಳ್ಳೇದು. ಆದ್ರೆ 2018ರ ಜನವರಿಯಲ್ಲಿ ಒಂದು ಐಡಿಯಾ ತಂದ್ರು ನೋಡಿ, ಇವರಿಗೆ ಮಾತ್ರ ಕಿತ್ತಳೆ ಬಣ್ಣದ ಪಾಸ್‌ಪೋರ್ಟು, ಓದಿದವರಿಗೆ ನೀಲಿ.

— ಛೀ! ದೂರದಿಂದಲೇ ಗೊತ್ತಾಗಲಿ ಅಂತಲಾ?

— ಜನ ಗಲಾಟೆ ಮಾಡಿದ್ರು, ಅದೇ ತಿಂಗಳು ವಾಪಸ್ ತಗೊಂಡ್ರು. ಎಲ್ಲರಿಗೂ ನೀಲೀನೇ ಈಗಲೂ. ಅಧಿಕಾರಿಗಳಿಗೆ ಬಿಳಿ, ರಾಯಭಾರಿಗಳಿಗೆ ಮೆರೂನ್.

— ಪೊಲೀಸ್ನೋರು ಮನೆಗೆ ಬರ್ತಾರಂತಲ್ಲ. ಊರಿನೋರು ಏನಂದ್ಕೊಳ್ಳಲ್ಲ?

— ಈಗ ಎಲ್ಲರ ಮನೆಗೂ ಬಂದು ಬಂದು ಯಾರೂ ತಿರುಗಿ ನೋಡಲ್ಲ. ಎರಡೇ ವಿಷಯ ನೋಡೋದು, ಈ ವಿಳಾಸದಲ್ಲೇ ಇದ್ದೀರಾ, ಮೇಲೆ ಕ್ರಿಮಿನಲ್ ಕೇಸು ಇದೆಯಾ. ಫೋನು ಬಂದ್ರೆ ಎತ್ತಿ. ಮನೇಲಿ ಇಲ್ಲ ಅಂತ ಬರೆದುಕೊಂಡು ಹೋದ್ರೆ ಫೈಲು ಅಲ್ಲೇ ನಿಂತು ಹೋಗುತ್ತೆ. ಅದಕ್ಕೆ ಬೇರೆ ಫೀಸಿಲ್ಲ.

— ಕಾಫಿ ಕೊಡ್ಲಾ?

— ಕಾಫಿ ಕೊಡಿ, ಕಾಫಿ ಖರ್ಚಿಗೆ ಅಂತ ಕೊಡಬೇಡಿ. ಕೇಳಿದ್ರೆ ನನಗೆ ಫೋನ್ ಮಾಡಿ.

— ನಿಮ್ಮ ದೊಡ್ಡಪ್ಪನ ಮೇಲೆ ಒಂದು ಕೇಸಿತ್ತಲ್ಲ, ಹೊಗೆಸೊಪ್ಪಿನ ರೇಟಿಗೆ ರಸ್ತೆ ತಡೆದಾಗ?

— ಅದು ಅವರ ಮೇಲೆ, ನಿಮ್ಮ ಮೇಲಲ್ಲ. ಅವರೇ ಅರ್ಜಿ ಹಾಕಿದ್ರೂ, ಕೇಸು ನಡೀತಿದ್ರೆ ಆ ಕೋರ್ಟಿನ ಅನುಮತಿ ತಗೊಂಡು ಮಾಡಿಸಬಹುದು, 1993ರ ಆದೇಶ ಇದೆ. ಬಚ್ಚಿಡಬಾರದು ಅಷ್ಟೇ.

— ಅವರು ಹಸು ಬಿಟ್ಟು ಎಲ್ಲೂ ಬರಲ್ಲ. ನಾವು ಬೆಂಗಳೂರಿಗೆ ಹೋಗ್ಬೇಕಾ?

— ಬೇಡ, ಮೈಸೂರು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಮಾಡೋದನ್ನ ದೇಶದಲ್ಲಿ ಮೊದಲು ಶುರು ಮಾಡಿದ್ದು ಎರಡು ಊರಲ್ಲಿ, 2017ರ ಜನವರಿ 25ಕ್ಕೆ. ಒಂದು ಗುಜರಾತಿನ ದಾಹೋದ್, ಇನ್ನೊಂದು ನಮ್ಮ ಮೈಸೂರು. ಅದಕ್ಕೆ ಮುಂಚೆ ನಮ್ಮ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಮುಖ ತೊಳೆದು ಫೋಟೋಕ್ಕೆ ನಿಲ್ತಿದ್ರು. ಈಗ ಮೈಸೂರಿನಲ್ಲೇ ಫೋಟೋ, ಹತ್ತೂ ಬೆರಳಿನ ಗುರುತು, ಕಾಗದ ಸ್ಕ್ಯಾನ್ ಎಲ್ಲ ಆಗುತ್ತೆ. ಆಮೇಲೆ ಅಧಿಕಾರಿ ನೋಡ್ತಾರೆ.

— ಬೆರಳು! ರೇಷನ್ ಅಂಗಡೀಲೇ ನನ್ನ ಹೆಬ್ಬೆಟ್ಟು ಬರಲ್ಲ. ಹೊಗೆಸೊಪ್ಪು ಕಟ್ಟಿ ಕಟ್ಟಿ ಗೆರೆಯೆಲ್ಲ ಸವೆದು ಹೋಗಿದೆ.

— ಎರಡು ದಿನ ಮುಂಚೆಯಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪು ಹಾಕಿ ತೊಳೀರಿ. ಆಪರೇಟರ್ ಮತ್ತೆ ಮತ್ತೆ ಒತ್ತಿಸ್ತಾರೆ, ಬೇಜಾರು ಮಾಡ್ಕೋಬೇಡಿ. ಮತ್ತೆ ಅವರು ಸ್ಕ್ರೀನು ತೋರಿಸಿ ಹೆಸರು, ತಾರೀಖು ಸರಿ ಇದೆಯಾ ಅಂತ ಕೇಳ್ತಾರೆ. ಅವಸರದಲ್ಲಿ ಹೂಂ ಅನ್ನಬೇಡಿ. ಒಂದೊಂದಕ್ಷರ ನೋಡಿ. ಅಲ್ಲಿ ತಪ್ಪಿದ್ರೆ ಇನ್ನೊಂದು ಅರ್ಜಿ, ಇನ್ನೊಂದು ಫೀಸು.

— ಇಂಗ್ಲಿಷ್ ಅಕ್ಷರ ನನಗೆಲ್ಲಿ ಗೊತ್ತಾಗುತ್ತೆ?

— ನಿಮ್ಮ ಹೆಸರೊಂದನ್ನ ದೊಡ್ಡದಾಗಿ ಬರೆದು ಕೊಡ್ತೀನಿ, ಹೊಂದಿಸಿ ನೋಡಿ. ಪಾಸ್‌ಪೋರ್ಟ್ ಆದ ಮೇಲೆ ಸ್ಪೀಡ್ ಪೋಸ್ಟಿನಲ್ಲಿ ಮನೆಗೇ ಬರುತ್ತೆ, ನಿಮ್ಮ ಕೈಗೇ ಕೊಡ್ತಾರೆ. ಹೊಸದರಲ್ಲಿ ಚಿಪ್ ಇರುತ್ತೆ, ಮಡಚಬಾರದು, ಅದಕ್ಕೆ ಪ್ಲಾಸ್ಟಿಕ್ ಹಾಕಿಸಬಾರದು. ಯಾರ ಹತ್ರಾನೂ ಅಡ ಇಡಬಾರದು. ಪಾಸ್‌ಪೋರ್ಟ್ ನಿಮ್ಮ ಹೆಸರಿನಲ್ಲಿದ್ರೂ ಕೇಂದ್ರ ಸರ್ಕಾರದ ಆಸ್ತಿ ಅಂತ ಕಾಯ್ದೆಯಲ್ಲೇ ಇದೆ. ಕುವೈತಿನ ಹುಡುಗನಿಗೂ ಹೇಳಿ, ಮಾಲೀಕ ಕೇಳಿದ್ರೂ ಕೊಡಬಾರದು.

— ಅದು ಕೈಗೆ ಬಂದ್ರೆ ಹೊರಟಂಗೇ?

— ಇಲ್ಲ ದೊಡ್ಡಮ್ಮ. ಇದು ನಮ್ಮ ಸರ್ಕಾರದ ಕಾಗದ. ರಾಷ್ಟ್ರಪತಿಗಳ ಹೆಸರಿನಲ್ಲಿ ಬೇರೆ ದೇಶದವರನ್ನ ಕೇಳ್ಕೋತಾರೆ, ಇವರನ್ನ ತಡೀಬೇಡಿ, ಬೇಕಾದ ನೆರವು ಕೊಡಿ ಅಂತ. ಒಳಗೆ ಬಿಡೋದು ಬಿಡದೇ ಇರೋದು ಅವರಿಷ್ಟ. ಅದಕ್ಕೆ ವೀಸಾ. ಜರ್ಮನಿಯ ಶೆಂಗೆನ್ ವೀಸಾ ಅಂದ್ರೆ 180 ದಿನದಲ್ಲಿ 90 ದಿನ ಇರಬಹುದು, ಒಂದು ದಿನ ಜಾಸ್ತಿ ಆದ್ರೂ ಮುಂದಿನ ಸಲ ಕಷ್ಟ. 30,000 ಯೂರೋವರೆಗೆ ಆಸ್ಪತ್ರೆ ಖರ್ಚು ಕೊಡೋ ವಿಮೆ ಬೇಕು.

— 90 ದಿನ ಅಂದ್ರೆ ಮೂರು ತಿಂಗಳು. ಬಾಣಂತನಕ್ಕೆ ಸರಿ ಹೋಯ್ತು.

— ಹೆರಿಗೆಗೆ ಮುಂಚೆ ಎಷ್ಟು ದಿನ ಹೋಗ್ತೀರೋ ಅಷ್ಟು ಕಡಿಮೆ ಆಗುತ್ತೆ. ತಿಂಗಳು ಮುಂಚೆ ಹೋದ್ರೆ ಎರಡೇ ತಿಂಗಳು ಉಳಿಯೋದು.

— ಇವೇ ಲೆಕ್ಕ ಎಲ್ಲರಿಗೂ ತಪ್ಪೋದು. ಮಗು ತಾರೀಖು ನೋಡ್ಕೊಂಡು ಬರುತ್ತಾ? ಹತ್ತು ದಿನ ಮುಂಚೆ ಹೋಗ್ತೀನಿ. ಅಂಟಿನುಂಡೆ, ಬಾಣಂತಿ ಪುಡಿ ಇಲ್ಲೇ ಮಾಡ್ಕೊಂಡು ಹೋಗ್ತೀನಿ. ಎರಡು ಕೆಜಿ ತುಪ್ಪ...

— ತುಪ್ಪ ಬಿಡಲ್ಲ. ಹಾಲು, ಮಾಂಸದ ಯಾವುದನ್ನೂ ಹೊರಗಿನಿಂದ ಯುರೋಪಿನೊಳಕ್ಕೆ ತರೋ ಹಾಗಿಲ್ಲ. ಅಂಟಿನುಂಡೆಗೂ ತುಪ್ಪ ಹಾಕಿರ್ತೀರಲ್ಲ, ಅದನ್ನೂ ಅಲ್ಲೇ ಮಾಡಿ.

— ತುಪ್ಪ ಬಿಡಲ್ವಾ! ಅಲ್ಲಿ ಬೆಣ್ಣೆ ಸಿಗುತ್ತಾ?

— ಜರ್ಮನಿಯಲ್ಲಿ ಬೆಣ್ಣೆಗೇನು ಬರ?

— ಹಂಗಾದ್ರೆ ಕಾಯಿಸ್ಕೋತೀನಿ. ಅಂಟು, ಕೊಬ್ಬರಿ ಮಾತ್ರ ಇಲ್ಲಿಂದ ತಗೊಂಡ್ಹೋಗ್ತೀನಿ. ಹೂಂ, ಆಧಾರ್ ಸೆಂಟರು ಯಾವಾಗ?

— ನಾಳೆ ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಬನ್ನಿ.

— ಮಂಗಳವಾರ ಬೇಡ.

— ಬುಧವಾರ ನನಗೆ ಕೋರ್ಟಿದೆ, ಮಧ್ಯಾಹ್ನದ ಮೇಲೆ ಬರ್ತೀನಿ. ಆಧಾರೂ ಪ್ಯಾನೂ ತಿದ್ದುಪಡಿ ಆಗಿ ಬಂದ ದಿನವೇ ಅರ್ಜಿ ಕಳಿಸಿ ಮೈಸೂರಿನ ಸ್ಲಾಟು ಹಿಡಿಯೋಣ. ಹಿಡಿದ ಮೇಲೆ ಹಬ್ಬ, ಮದುವೆ, ಅಮಾವಾಸ್ಯೆ ಅಂತ ಬದಲಾಯಿಸೋಕೆ ಮೂರೇ ಸಲ ಅವಕಾಶ.

— ನಾನೆಲ್ಲಿ ಬದಲಾಯಿಸ್ತೀನಿ? ಹಾಲು ಡೈರಿಗೆ ಹಾಕಿ ಏಳೂವರೆ ಬಸ್ಸಿಗೆ ಬಂದ್ಬಿಡ್ತೀನಿ. ಹತ್ತೂವರೆ ಮೇಲಿಂದು ಯಾವುದಾದ್ರೂ ಹಿಡಿ. ಪಹಣಿ ಮಾತ್ರ ಈಗ್ಲೇ ವಾಪಸ್ ಕೊಡು, ಇಲ್ಲಾಂದ್ರೆ ಇವರು ರಾತ್ರಿಯೆಲ್ಲ ಕೇಳ್ತಾನೇ ಇರ್ತಾರೆ.